ಕೊಬ್ಬರಿ ದುಡ್ಡು, ಸರ್ಕಾರದ ಸಂಬಳ, ಸಂಸ್ಥೆಯ ಬೀಗದ ಕೈ

ತಿಪಟೂರು ಸೀಮೆಯಲ್ಲಿ ದುಡ್ಡು ತಿಂಗಳ ಲೆಕ್ಕದಲ್ಲಿ ಓಡಾಡೋದಿಲ್ಲ. ಕೆಡವಿದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಿಟುಕು ಗಡಗಡ ಅಂದಮೇಲೆ ಸುಲಿಯೋದು, ಚಿಪ್ಪು ಒಡೆಯೋದು, ಚೀಲ ತುಂಬಿ ಮಂಡಿಗೆ ಹಾಕೋದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೂ ಇದೇ ಕ್ಯಾಲೆಂಡರು. ಮಂಡಿಗೆ ಹಾಕಿದ ದಿನ ಬೆಲೆ ಇದ್ದರೆ ಮದುವೆ, ಮನೆ, ಬೋರ್‌ವೆಲ್ಲು. ಇಲ್ಲದಿದ್ದರೆ 2023ರ ಹಾಗೆ. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಅಂದಿತ್ತು, ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಕೂತಿತ್ತು.

ಇಂಥ ಊರಲ್ಲಿ ಒಂದು ಹೈಸ್ಕೂಲು ನಡೆಸೋದು ಅಂದರೆ ಪ್ರತಿ ತಿಂಗಳ ಮೊದಲ ವಾರ ಹತ್ತು ಹದಿನೈದು ಮೇಷ್ಟ್ರುಗಳಿಗೆ ಸಂಬಳ ಎಣಿಸೋದು. ಸ್ಟಾರ್ಟಪ್ಪಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಡವಾಳ ಇದೆ, ಕ್ಯಾಶ್ ಫ್ಲೋ ಇಲ್ಲ. ಊರಿನವರು ಒಂದು ಸಲ ಕೈ ಬಿಚ್ಚಿದರೆ ಕಟ್ಟಡ ಏಳುತ್ತೆ, ಜಾಗ ಸಿಗುತ್ತೆ, ಬಾಗಿಲ ಮೇಲೆ ಅಮೃತಶಿಲೆಯ ಹಲಗೆಯಲ್ಲಿ ದಾನಿಗಳ ಹೆಸರು ಬರುತ್ತೆ. ಆದರೆ ಗಣಿತದ ಮೇಷ್ಟ್ರು ವರ್ಷಕ್ಕೊಂದು ಸಲ ಸಂಬಳ ತಗೊಂಡು ಬದುಕೋಕಾಗಲ್ಲ. ಈ ತೂತನ್ನು ತುಂಬಲಿಕ್ಕೆ ಬಂದದ್ದೇ ಸರ್ಕಾರದ ಅನುದಾನ. ಶಾಲೆಯ ಬೋರ್ಡಿನಲ್ಲಿ ಹೆಸರಿನ ಪಕ್ಕ ಬ್ರಾಕೆಟ್ಟಿನೊಳಗೆ ‘ಅನುದಾನಿತ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಲ್ಲ, ಆ ಪದದ ಹಿಂದೆ 170 ವರ್ಷದ ಒಂದು ಜಗಳ ಇದೆ. ದುಡ್ಡು ಕೊಡೋನು ಒಬ್ಬ, ಜಾಗ ಕೊಟ್ಟೋನು ಇನ್ನೊಬ್ಬ, ಬೀಗದ ಕೈ ಇಟ್ಟುಕೊಂಡೋನು ಮತ್ತೊಬ್ಬ. ಇವರಲ್ಲಿ ಯಾರು ಯಾರಿಗೆ ಲೆಕ್ಕ ಕೊಡಬೇಕು?

ಅನುದಾನಕ್ಕೂ ಮುಂಚೆ ಲೆಕ್ಕ ಸುಲಭವಾಗಿತ್ತು. ಕೂಲಿಮಠದ ಐಗಳಿಗೆ ಮಕ್ಕಳ ಮನೆಯವರೇ ರಾಗಿ, ಭತ್ತ, ಹಬ್ಬಕ್ಕೊಂದಿಷ್ಟು ಕಾಸು ಕೊಡುತ್ತಿದ್ದರು. ಪಾಠ ಸರಿ ಇಲ್ಲದಿದ್ದರೆ ರಾಗಿ ನಿಂತುಹೋಗೋದು. ಆಡಿಟ್ಟು ಅಂದರೆ ಅಷ್ಟೇ. ಇದನ್ನು ಹಾಡಿ ಹೊಗಳುವವರಿದ್ದಾರೆ, ನನಗೆ ಅಷ್ಟು ಉತ್ಸಾಹ ಇಲ್ಲ. ರಾಗಿ ಕೊಡಲಾಗದವರ ಮಕ್ಕಳಿಗೆ, ಜಾತಿಯ ಕಾರಣಕ್ಕೆ ಜಗಲಿ ಹತ್ತಲಾಗದವರ ಮಕ್ಕಳಿಗೆ ಆ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ.

1854ರ ಜುಲೈನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿಯಂತ್ರಣ ಮಂಡಳಿಯ ಅಧ್ಯಕ್ಷ ಚಾರ್ಲ್ಸ್ ವುಡ್ ಹೆಸರಿನಲ್ಲಿ ಒಂದು ಉದ್ದನೆಯ ಕಾಗದ ಲಂಡನ್ನಿನಿಂದ ಹೊರಟಿತು. ಇತಿಹಾಸದ ಪುಸ್ತಕದಲ್ಲಿ ನಾವು ‘ವುಡ್ಸ್ ಡೆಸ್ಪ್ಯಾಚ್’ ಅಂತ ಎರಡು ಮಾರ್ಕ್ಸಿಗೆ ಓದಿದ್ದು ಅದನ್ನೇ. ಅದರಲ್ಲಿ ನಮಗೆ ಬೇಕಾದ ಭಾಗ ಇಷ್ಟು: ದೇಶಕ್ಕೆಲ್ಲ ಶಾಲೆ ತೆರೆಯುವಷ್ಟು ದುಡ್ಡು ಖರ್ಚು ಮಾಡಲು ಕಂಪನಿಗೆ ಮನಸ್ಸಿಲ್ಲ, ಆದ್ದರಿಂದ ಖಾಸಗಿಯವರು ಶಾಲೆ ತೆರೆಯಲಿ, ಖರ್ಚಿನ ಒಂದು ಪಾಲು ನಾವು ಕೊಡುತ್ತೇವೆ. ಷರತ್ತುಗಳು ಸರಳ. ಒಳ್ಳೆಯ ಲೌಕಿಕ ಶಿಕ್ಷಣ ಕೊಡಬೇಕು. ಜವಾಬ್ದಾರಿ ಹೊರುವ ಸ್ಥಳೀಯ ಆಡಳಿತ ಇರಬೇಕು. ಇನ್‌ಸ್ಪೆಕ್ಟರ್ ಬಂದರೆ ಬಾಗಿಲು ತೆಗೆಯಬೇಕು. ಮಕ್ಕಳಿಂದ ಎಷ್ಟೇ ಸಣ್ಣದಾದರೂ ಒಂದು ಫೀಸು ತಗೋಬೇಕು. ಕ್ರಮೇಣ ಸರ್ಕಾರದ ಶಾಲೆಗಳನ್ನೇ ಮುಚ್ಚಿ ಅಥವಾ ಸ್ಥಳೀಯರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬಹುದು ಅನ್ನುವ ಆಸೆಯೂ ಅದರಲ್ಲಿ ಬಚ್ಚಿಟ್ಟುಕೊಂಡಿಲ್ಲ, ನೇರವಾಗಿಯೇ ಇದೆ.

‘ಸ್ಥಳೀಯ ಆಡಳಿತ’ ಅನ್ನೋ ಆ ಎರಡು ಪದವನ್ನು ಗಮನಿಸಿ. ಆಡಳಿತ ಅಂದರೆ ಯಾರು, ಅವರನ್ನು ಯಾರು ಆರಿಸಬೇಕು, ಕೆಟ್ಟರೆ ಯಾರು ಕಿತ್ತುಹಾಕಬೇಕು ಅನ್ನೋದನ್ನು ಕಾಗದ ಬರೆದವರು ಸ್ಪಷ್ಟ ಮಾಡಲಿಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಮಿಶನರಿಗಳು. ಮಿಶನ್ನಿನ ಹಿಂದೆ ಲಂಡನ್ನಿನಲ್ಲೋ ಬಾಸೆಲ್‌ನಲ್ಲೋ ಒಂದು ಸಮಿತಿ ಕೂತಿರುತ್ತೆ, ಅದು ಪೈಸೆ ಪೈಸೆಗೆ ಲೆಕ್ಕ ಕೇಳುತ್ತೆ, ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಅಂದುಕೊಂಡಿದ್ದಿರಬಹುದು. ಮುಂದೆ ಶಾಲೆ ಕಟ್ಟಲು ಹೊರಟ ನಮ್ಮ ಊರುಗಳ ಸಂಘಗಳ ಹಿಂದೆ ಅಂಥ ಸಮಿತಿ ಇರಲಿಲ್ಲ.

ಮೈಸೂರಿನಲ್ಲಿ ವಿದ್ಯಾ ಇಲಾಖೆ ಶುರುವಾದದ್ದು 1857ರಲ್ಲಿ, ಕಮಿಷನರುಗಳ ಆಳ್ವಿಕೆಯಲ್ಲಿ. ಶಾಸನಗಳ ಮೂಲಕ ನಮಗೆ ಪರಿಚಯವಾದ ಬಿ.ಎಲ್. ರೈಸ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಈ ಇಲಾಖೆಯ ಕೆಲಸವೇ. 1868ರಲ್ಲಿ ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಅವರ ಕಾಲದ್ದು. ಹಳೇ ಮೈಸೂರಿನಲ್ಲಿ ಮೊದಲಿನಿಂದಲೂ ಸರ್ಕಾರವೇ ಮುಂದೆ ನಿಂತು ಶಾಲೆ ತೆರೆದದ್ದು ಹೆಚ್ಚು. ಮುಂಬೈ ಪ್ರಾಂತ್ಯದ ಧಾರವಾಡ, ಬೆಳಗಾವಿ, ಬಿಜಾಪುರದ ಕತೆ ಬೇರೆ. ಅಲ್ಲಿ ಹೈಸ್ಕೂಲು ಬೇಕು ಅಂದರೆ ಜನವೇ ಕಟ್ಟಿಕೊಳ್ಳಬೇಕಿತ್ತು. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, 1910ರಲ್ಲಿ ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರ ಬಿಎಲ್‌ಡಿಇ, 1916ರಲ್ಲಿ ಬೆಳಗಾವಿಯ ಕೆಎಲ್‌ಇ ಎಲ್ಲ ಹುಟ್ಟಿದ್ದು ಆ ಒತ್ತಡದಲ್ಲಿ. ಕೆಎಲ್‌ಇ ಕಟ್ಟಿದ ಏಳು ಜನರನ್ನು ಇವತ್ತಿಗೂ ಸಪ್ತರ್ಷಿಗಳು ಅಂತಾರೆ.

ಕರಾವಳಿ ಮದ್ರಾಸಿಗೆ ಸೇರಿತ್ತು. ಅಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಅನ್ನುವ ಮಂತ್ರಿ ಫಲಿತಾಂಶ ನೋಡಿ ದುಡ್ಡು ಕೊಡುವ ಪದ್ಧತಿ ತಂದಿದ್ದ. ಇನ್‌ಸ್ಪೆಕ್ಟರ್ ಬಂದು ಮಗುವನ್ನು ಓದಿಸಿ, ಬರೆಸಿ, ಲೆಕ್ಕ ಮಾಡಿಸಿ ನೋಡೋದು. ಪಾಸಾದ ತಲೆಗಿಷ್ಟು ಅಂತ ಗ್ರಾಂಟು. ಮದ್ರಾಸ್, ಮುಂಬೈ ಪ್ರಾಂತ್ಯಗಳಿಗೂ ಅದು ಬಂತು. ಏನಾಗುತ್ತೆ ಅಂತ ಇವತ್ತು ಯಾವ ಎಚ್‌ಆರ್ ಮ್ಯಾನೇಜರನ್ನು ಕೇಳಿದರೂ ಹೇಳುತ್ತಾರೆ. ಅಳೆಯೋದನ್ನಷ್ಟೇ ಕಲಿಸೋದು, ದಡ್ಡ ಹುಡುಗನನ್ನು ಪರೀಕ್ಷೆಯ ದಿನ ಮನೆಯಲ್ಲಿ ಕೂರಿಸೋದು. ಇಂಗ್ಲೆಂಡಿನಲ್ಲೇ 1890ರ ದಶಕದಲ್ಲಿ ಅದನ್ನು ಕೈಬಿಟ್ಟರು.

ತುಮಕೂರು ಸೀಮೆಗೆ ಬರೋಣ. ಮೊದಲು ತಾಲ್ಲೂಕು ಕೇಂದ್ರ ಹೊನ್ನವಳ್ಳಿ, ತಿಪಟೂರಲ್ಲ. 1880ರ ದಶಕದ ಕೊನೆಗೆ ಬೆಂಗಳೂರು–ಹರಿಹರ ರೈಲು ಈ ದಾರಿಯಲ್ಲಿ ಓಡಿತು. ಸ್ಟೇಶನ್ ಇದ್ದ ಕಡೆ ಮಂಡಿ ಬೆಳೆಯಿತು, ಮಂಡಿ ಇದ್ದ ಕಡೆ ವರ್ತಕರು, ದಲಾಲರು, ರವಾನೆದಾರರು ನೆಲೆಯಾದರು. ಅವರ ಮಕ್ಕಳಿಗೆ ಶಾಲೆ ಬೇಕಾಯಿತು. ಸ್ವಾತಂತ್ರ್ಯ ಬಂದಮೇಲೆ ಇಲ್ಲಿ ಎದ್ದ ದೊಡ್ಡ ಸಂಸ್ಥೆಯ ಹೆಸರೇ ಕಲ್ಪತರು ವಿದ್ಯಾಸಂಸ್ಥೆ. ಮರದ ಹೆಸರನ್ನೇ ಇಟ್ಟುಕೊಂಡಿದೆ. ಅದರ ಕಲಾ–ವಾಣಿಜ್ಯ ಕಾಲೇಜಿಗೆ ಪಲ್ಲಾಗಟ್ಟಿ ಅಡವಪ್ಪನವರ ಹೆಸರು. ಎಂಜಿನಿಯರಿಂಗ್ ಕಾಲೇಜು ಬಂದದ್ದು 1986ರಲ್ಲಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೂತಿರುವ ಎಷ್ಟೋ ಜನರ ಬಯೋಡೇಟಾ ಈ ಹೆಸರುಗಳಿಂದಲೇ ಶುರುವಾಗುತ್ತೆ.

ಇಲ್ಲಿ ಒಂದು ಮಾತು ಹೇಳಬೇಕು. ದಾನಿಗಳ ಹಲಗೆಯಲ್ಲಿ ಹೆಸರು ಇರೋದು ದೊಡ್ಡವರದ್ದು. ಆದರೆ ನಮ್ಮ ದೇಶದ ಹಳೇ ಮಂಡಿಗಳಲ್ಲಿ ‘ಧರ್ಮ’ ಅಂತ ಒಂದು ಕಡಿತ ಇರುತ್ತಿತ್ತು. ರೈತನ ಬಿಲ್ಲಿನಲ್ಲಿ ಚೀಲಕ್ಕಿಷ್ಟು ಅಂತ ಮುರಿದುಕೊಂಡು ದೇವಸ್ಥಾನಕ್ಕೆ, ಗೋಶಾಲೆಗೆ, ಪಾಠಶಾಲೆಗೆ ಕೊಡೋದು. ದುಡ್ಡು ರೈತನದು, ಹೆಸರು ಬೇರೆಯವರದು. 1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಷನ್ ಮಂಡಿಗಳ ಇಂಥ ಕಡಿತಗಳನ್ನು ಟೀಕಿಸಿತು, ಆಮೇಲೆ ಬಂದ ಎಪಿಎಂಸಿ ಕಾಯ್ದೆಗಳು ನಿಲ್ಲಿಸಿದವು. ಅದಕ್ಕೇ ಯಾವುದಾದರೂ ಹಳೇ ಶಾಲೆಯನ್ನು ‘ಇಂಥವರು ಕಟ್ಟಿಸಿದ್ದು’ ಅಂತ ಹೇಳುವಾಗ ನನಗೆ ಸ್ವಲ್ಪ ತಡವರಿಕೆ ಆಗುತ್ತೆ. ಹಲಗೆಯ ಮೇಲೆ ಇಲ್ಲದವರ ಪಾಲೂ ಅದರಲ್ಲಿ ಇರುತ್ತೆ. ಸಿದ್ಧಗಂಗೆಯ ಮಠ ಇದನ್ನು ಮರೆಮಾಚದೆ ಒಪ್ಪಿಕೊಂಡ ಜಾಗ. 1917ರಲ್ಲಿ ಸಂಸ್ಕೃತ ಪಾಠಶಾಲೆಯಿಂದ ಶುರುವಾಗಿ, 1941ರಿಂದ ಶಿವಕುಮಾರ ಸ್ವಾಮಿಗಳ ಕೈಯಲ್ಲಿ ಬೆಳೆದು ಇವತ್ತು ನೂರಕ್ಕೂ ಹೆಚ್ಚು ಶಾಲೆ ಕಾಲೇಜು ನಡೆಸುವ ಸಂಸ್ಥೆ ಅದು. ಅಲ್ಲಿನ ದಾಸೋಹಕ್ಕೆ ರಾಗಿ, ಅಕ್ಕಿ, ತೆಂಗಿನಕಾಯಿ ಹೊತ್ತು ತಂದವರು ಸುತ್ತಲಿನ ಹಳ್ಳಿಯವರು.

ಇಂಥ ಸಂಘಗಳಿಗೆ ಕಾನೂನಿನ ಚೌಕಟ್ಟು ಕೊಟ್ಟದ್ದು ಸಂಘಗಳ ನೋಂದಣಿ ಕಾಯ್ದೆ. ಮೈಸೂರಿನದ್ದು 1904ರದ್ದು, ಈಗ ಇರೋದು 1960ರದ್ದು. ನೀವು ಕಂಪನಿಗಳನ್ನು ಬಲ್ಲವರು, ಆ ಭಾಷೆಯಲ್ಲೇ ಹೇಳುತ್ತೇನೆ: ಸೊಸೈಟಿ ಅಂದರೆ ಷೇರುದಾರರಿಲ್ಲದ ಕಂಪನಿ. ಲಾಭ ಹಂಚುವಂತಿಲ್ಲ, ವಿಸರ್ಜನೆಯಾದರೆ ಉಳಿದ ಆಸ್ತಿಯನ್ನು ಸದಸ್ಯರು ಮನೆಗೆ ಒಯ್ಯುವಂತಿಲ್ಲ. ಸದಸ್ಯರು ಸೇರಿ ಆಡಳಿತ ಮಂಡಳಿ ಆರಿಸುತ್ತಾರೆ. ಆದರೆ ಸದಸ್ಯರಾಗೋದು ಯಾರು ಅನ್ನೋದು ಬೈಲಾದ ಕೈಯಲ್ಲಿ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಅದೇ ಕಾಲದ ಲಿಂಗಾಯತ ವಿದ್ಯಾನಿಧಿ ಮುಂತಾದವು ತಂತಮ್ಮ ಜನರ ಮಕ್ಕಳು ಪಟ್ಟಣದಲ್ಲಿ ಓದಲಿ ಅಂತ ಹಾಸ್ಟೆಲು ಕಟ್ಟಲು ಹೊರಟವು. ಹಾಗಾಗಿ ಸದಸ್ಯತ್ವ ತಂತಮ್ಮ ಜನಕ್ಕೇ ಇದ್ದದ್ದು ಸಹಜ. ಹಾಸ್ಟೆಲು ಶಾಲೆಯಾಗಿ, ಶಾಲೆಗೆ ಎಲ್ಲರ ತೆರಿಗೆಯ ದುಡ್ಡು ಬರಲು ಶುರುವಾದಮೇಲೂ ಮತದಾರರ ಪಟ್ಟಿ ಹಾಗೇ ಉಳಿಯಿತು. ರಾಜ್ಯ ಒಕ್ಕಲಿಗರ ಸಂಘದ ಚುನಾವಣೆ ವಿಧಾನಸಭೆಯ ಚುನಾವಣೆಯಷ್ಟೇ ಜೋರಾಗಿ ನಡೆಯುತ್ತೆ, ಮಧ್ಯೆ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸಿದ್ದೂ ಇದೆ. ಚುನಾವಣೆಯಾದರೂ ನಡೆಯುತ್ತಲ್ಲ ಅಂತ ನಾನು ಅದನ್ನು ಮೆಚ್ಚುತ್ತೇನೆ. ಎಷ್ಟೋ ಸಣ್ಣ ಊರಿನ ಸಂಘಗಳಲ್ಲಿ ಅಪ್ಪನ ನಂತರ ಮಗ, ಮಗನ ನಂತರ ಸೊಸೆ ಅವಿರೋಧವಾಗಿ ಆಯ್ಕೆಯಾಗಿಬಿಡುತ್ತಾರೆ.

1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು, ಮೈಸೂರು ಅಂತ ಐದು ಕಡೆಯ ರೂಢಿಗಳು ಒಂದೇ ಇಲಾಖೆಯ ಮೇಜಿಗೆ ಬಂದವು. ಹೊಂದಿಸಲಿಕ್ಕೆ ವರ್ಷಗಳೇ ಹಿಡಿದವು. ಅಷ್ಟರಲ್ಲಿ ಪಕ್ಕದ ಕೇರಳದಲ್ಲಿ ಬೆಂಕಿ ಹತ್ತಿಕೊಂಡಿತ್ತು.

1957ರಲ್ಲಿ ಇಎಂಎಸ್ ಸರ್ಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಒಂದು ಮಸೂದೆ ತಂದರು. ಅನುದಾನಿತ ಶಾಲೆಯ ಮೇಷ್ಟ್ರಿಗೆ ಸಂಬಳ ಸರ್ಕಾರವೇ ನೇರವಾಗಿ ಕೊಡುತ್ತೆ, ನೇಮಕ ಲೋಕಸೇವಾ ಆಯೋಗ ಮಾಡಿದ ಪಟ್ಟಿಯಿಂದ ಆಗಬೇಕು, ಆಡಳಿತ ಕೆಟ್ಟರೆ ಶಾಲೆಯನ್ನು ಸರ್ಕಾರ ವಹಿಸಿಕೊಳ್ಳಬಹುದು. ಚರ್ಚು, ನಾಯರ್ ಸರ್ವೀಸ್ ಸೊಸೈಟಿ ಎರಡೂ ಬೀದಿಗಿಳಿದವು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು, 1958ರ ಮೇನಲ್ಲಿ ಕೋರ್ಟು ಅಲ್ಪಸಂಖ್ಯಾತರ ಹಕ್ಕಿಗೆ ಸಂಬಂಧಿಸಿದ ಕೆಲವು ಭಾಗಗಳಿಗೆ ಆಕ್ಷೇಪ ಎತ್ತಿತು. 1959ರ ಜುಲೈ 31ರಂದು ಸರ್ಕಾರವೇ ವಜಾ ಆಯಿತು. ಕಾರಣಗಳು ಹಲವು, ಆದರೆ ಕಿಡಿ ಶಾಲೆಯದ್ದು. ಕೊನೆಗೆ ಉಳಿದದ್ದೇನು? ಸಂಬಳ ಸರ್ಕಾರದ್ದು, ನೇಮಕ ಮ್ಯಾನೇಜರನದ್ದು. ಕಾಸರಗೋಡು, ಮಂಜೇಶ್ವರದ ಕನ್ನಡ ಅನುದಾನಿತ ಶಾಲೆಗಳಲ್ಲಿ ಇವತ್ತಿಗೂ ‘ಮ್ಯಾನೇಜರು’ ಅನ್ನೋದು ಒಂದು ಪದವಿ. ಎಷ್ಟೋ ಕಡೆ ಅದು ಒಂದು ಮನೆತನದ್ದು.

ಕರ್ನಾಟಕದಲ್ಲಿ ಇಂಥ ಜಗಳ ಬೀದಿಗೆ ಬರಲಿಲ್ಲ, ಫೈಲಿನಲ್ಲಿ ನಡೆಯಿತು. 1964–66ರ ಕೊಠಾರಿ ಆಯೋಗ ಖಾಸಗಿ ಶಾಲೆಯ ಮೇಷ್ಟ್ರಿಗೂ ಸರ್ಕಾರಿ ಮೇಷ್ಟ್ರಿಗೂ ಒಂದೇ ಸಂಬಳ ಇರಬೇಕು ಅಂತ ಹೇಳಿತು. ಅದಕ್ಕಿಂತ ದೊಡ್ಡ ಸಂಗತಿ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆ. ಅಲ್ಲಿಯವರೆಗೆ ಕಾರ್ಯದರ್ಶಿಗೆ ಸಿಟ್ಟು ಬಂದರೆ ಮೇಷ್ಟ್ರು ಮಾರನೇ ದಿನ ಮನೆಯಲ್ಲಿ ಅನ್ನುವ ಪರಿಸ್ಥಿತಿ. ಕಾಯ್ದೆ ಬಂದಮೇಲೆ ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ, ತೆಗೆದರೆ ಜಿಲ್ಲಾ ನ್ಯಾಯಾಧೀಶರೇ ಕೂರುವ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ತಿಪಟೂರಿನಂಥ ಊರಿನಲ್ಲಿ ಇದರ ಅರ್ಥ ಏನು ಅಂತ ಯೋಚಿಸಿ. ಮಂಡಿ ಸಾಹುಕಾರರ ಎದುರು ತಲೆ ಎತ್ತಿ ಮಾತಾಡಬಲ್ಲ, ಅವರಿಂದ ಸಾಲ ತಗೊಳ್ಳದ, ತಿಂಗಳ ಸಂಬಳದ ಒಂದು ವರ್ಗ ಹುಟ್ಟಿತು. ನಮ್ಮ ಹಳೇ ಹೈಸ್ಕೂಲು ಮೇಷ್ಟ್ರುಗಳ ಗತ್ತಿನ ಹಿಂದೆ ಈ ಕಾಯ್ದೆಯ ಪಾಲೂ ಇದೆ ಅಂತ ನನ್ನ ನಂಬಿಕೆ.

ಮುಂದಿನದ್ದು ಕರ್ನಾಟಕ ಶಿಕ್ಷಣ ಕಾಯ್ದೆ. ವಿಧಾನಮಂಡಲದಲ್ಲಿ ಪಾಸಾದದ್ದು 1983ರಲ್ಲಿ, ಜಾರಿಗೆ ಬಂದದ್ದು 1995ರಲ್ಲಿ. ಅದರಲ್ಲಿ ಆಡಳಿತ ಮಂಡಳಿ ಇರಬೇಕು, ಲೆಕ್ಕ ಇಡಬೇಕು, ಪ್ರತಿ ವರ್ಷ ಆಡಿಟ್ ಆಗಬೇಕು, ಗೊತ್ತುಮಾಡಿದ ಫೀಸು ಬಿಟ್ಟು ಬೇರೆ ವಸೂಲಿ ಮಾಡಬಾರದು, ಕೊಟ್ಟ ದುಡ್ಡಿಗೆ ರಸೀದಿ ಕೊಡಬೇಕು ಎಲ್ಲ ಇದೆ. ಓದಿದರೆ ಕಮ್ಮಿ ಏನೂ ಕಾಣಲ್ಲ.

ಆದರೆ ಆ 12 ವರ್ಷದ ಮಧ್ಯೆ ನಲ್ಲಿಯೇ ಬಂದ್ ಆಗಿತ್ತು. 1987ರ ಜೂನ್ 1ರ ನಂತರ ಶುರುವಾದ ಖಾಸಗಿ ಶಾಲೆಗಳಿಗೆ ಅನುದಾನ ಇಲ್ಲ ಅಂತ ಸರ್ಕಾರ ಗೆರೆ ಎಳೆಯಿತು. ಆಮೇಲೆ ಹೋರಾಟದ ಫಲವಾಗಿ 1987ರಿಂದ 1995ರ ನಡುವೆ ಶುರುವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಒಳಗೆ ಸೇರಿಸಿಕೊಂಡರು. 1995ರ ಈಚಿನವರು ಇನ್ನೂ ಬಾಗಿಲು ಬಡಿಯುತ್ತಲೇ ಇದ್ದಾರೆ. ಒಂದೇ ರಸ್ತೆಯ ಎರಡು ಕನ್ನಡ ಶಾಲೆಗಳಲ್ಲಿ ಒಂದರ ಮೇಷ್ಟ್ರಿಗೆ ಸರ್ಕಾರಿ ಸ್ಕೇಲು, ಇನ್ನೊಂದರ ಮೇಷ್ಟ್ರಿಗೆ ಗಾರೆ ಕೆಲಸದ ಕೂಲಿಗಿಂತ ಕಮ್ಮಿ ಸಂಬಳ. ವ್ಯತ್ಯಾಸ ಶಾಲೆ ಶುರುವಾದ ತಾರೀಖಿನದ್ದಷ್ಟೇ.

ನಲ್ಲಿ ಬಂದ್ ಆದಾಗ ನೀರು ಬೇರೆ ಕಡೆಯಿಂದ ಬರಲೇಬೇಕಲ್ಲ. ಫೀಸು, ಡೊನೇಶನ್ನು. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತ್ತು. ಅದರ ಅಡಿಯಲ್ಲಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ಮೆಡಿಕಲ್ ಕಾಲೇಜುಗಳ ವರ್ಷದ ಫೀಸನ್ನು ಹೀಗೆ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000, ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಮೀರತ್ತಿನಿಂದ ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜಿಗೆ ಬಂದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಇದಲ್ಲದೆ ಇನ್ನೂ ನಾಲ್ಕೂವರೆ ಲಕ್ಷ ಕೇಳಿದರು ಅನ್ನೋದು ಅವರ ದೂರು, ಕಾಲೇಜು ಅದನ್ನು ಅಲ್ಲಗಳೆಯಿತು. 1992ರ ಜುಲೈ 30ರ ಆ ತೀರ್ಪು, ಮೋಹಿನಿ ಜೈನ್ ಪ್ರಕರಣ, ಶಿಕ್ಷಣ ಮೂಲಭೂತ ಹಕ್ಕು ಅಂತ ಹೇಳಿತು. ಮರುವರ್ಷ ಉಣ್ಣಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಅಂತ ಬಿಗಿಮಾಡಿತು. 2002ರಲ್ಲಿ ಸಂವಿಧಾನ ತಿದ್ದುಪಡಿ, 2009ರಲ್ಲಿ ಆರ್‌ಟಿಇ. ದೇಶದ ಶಿಕ್ಷಣ ಹಕ್ಕಿನ ಕಾನೂನಿನ ಒಂದು ಬೇರು ನಮ್ಮ ಜಿಲ್ಲೆಯ ಒಂದು ಫೀಸಿನ ಜಗಳದಲ್ಲಿದೆ, ಪಿಯುಸಿಯಲ್ಲಿ ಇದನ್ನು ಯಾರೂ ನಮಗೆ ಹೇಳಿರಲಿಲ್ಲ.

ಈಗ ಇವತ್ತಿನ ವ್ಯವಸ್ಥೆ ಹೇಗೆ ಓಡುತ್ತೆ ಅಂತ ನೋಡಿ. ರಾಜ್ಯದಲ್ಲಿ ಸುಮಾರು 7 ಸಾವಿರ ಅನುದಾನಿತ ಶಾಲೆಗಳಿವೆ. ಮುಖ್ಯೋಪಾಧ್ಯಾಯರು ಸಂಬಳದ ಬಿಲ್ ತಯಾರಿಸಿ ಇಲಾಖೆಗೆ ಕಳಿಸುತ್ತಾರೆ, ದುಡ್ಡು ಮೇಷ್ಟ್ರ ಬ್ಯಾಂಕ್ ಖಾತೆಗೇ ಬೀಳುತ್ತೆ. ಮಕ್ಕಳಿಗೆ ಪಠ್ಯಪುಸ್ತಕ, ಬಿಸಿಯೂಟ ಸರ್ಕಾರದ್ದು. ಹಾಜರಾತಿ ಎಷ್ಟು, ತರಗತಿಯಲ್ಲಿ ಮಕ್ಕಳು ಎಷ್ಟು, ಹುದ್ದೆ ಮಂಜೂರಾದದ್ದು ಎಷ್ಟು ಅನ್ನೋದನ್ನು ಇಲಾಖೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೆ. ಅಂದರೆ ಸಂಬಳದ ರೂಪಾಯಿಗೆ ಕಾವಲಿದೆ. ಉಳಿದದ್ದಕ್ಕೆ?

ಉಳಿದದ್ದು ಅಂದರೆ ಮುಖ್ಯವಾಗಿ ಜಾಗ. ಸಾಧಾರಣವಾಗಿ ನಮ್ಮ ತಾಲ್ಲೂಕು ಊರುಗಳಲ್ಲಿ ಕಾಣುವ ಚಿತ್ರ ಇದು. ಹಳೇ ಹೆಂಚಿನ ಕಟ್ಟಡದಲ್ಲಿ ಕನ್ನಡ ಮಾಧ್ಯಮದ ಅನುದಾನಿತ ಶಾಲೆ. ಅದೇ ಕಾಂಪೌಂಡಿನಲ್ಲಿ, ಅದೇ ಸಂಸ್ಥೆಯ, ಬಣ್ಣ ಹೊಡೆದ ಮೂರಂತಸ್ತಿನ ಇಂಗ್ಲಿಷ್ ಮೀಡಿಯಂ ಶಾಲೆ, ಅನುದಾನರಹಿತ. ಮೈದಾನ ಒಂದೇ, ಲ್ಯಾಬು ಒಂದೇ, ಕೆಲವೊಮ್ಮೆ ಸಂಜೆ ಹೊತ್ತು ಪಾಠ ಮಾಡುವ ಮೇಷ್ಟ್ರೂ ಒಬ್ಬರೇ. ಊರಿನವರು 50 ವರ್ಷದ ಹಿಂದೆ ಕೊಟ್ಟ ಜಾಗದ ಮೇಲೆ ಫೀಸು ಬರುವ ಶಾಲೆ ಬೆಳೆಯುತ್ತೆ, ಸರ್ಕಾರ ಸಂಬಳ ಕೊಡುವ ಶಾಲೆ ಸೊರಗುತ್ತೆ. ಆ ಜಾಗಕ್ಕೆ ಬಾಡಿಗೆ ಅಂತ ಹೊಸ ಶಾಲೆಯ ಲೆಕ್ಕದಿಂದ ಹಳೇ ಶಾಲೆಯ ಲೆಕ್ಕಕ್ಕೆ ಏನಾದರೂ ಬರುತ್ತಾ? ಇದರಲ್ಲಿ ಕಾನೂನುಬಾಹಿರ ಅಂತ ಬೊಟ್ಟು ಮಾಡೋಕೆ ಏನೂ ಇಲ್ಲದೆ ಇರಬಹುದು. ಆಡಳಿತದವರ ಮಾತೂ ಒಪ್ಪುವಂಥದ್ದೇ: ಸುಣ್ಣ ಬಣ್ಣಕ್ಕೆ, ಕರೆಂಟ್ ಬಿಲ್ಲಿಗೆ ಸರ್ಕಾರ ಕೊಡಲ್ಲ, ಕನ್ನಡ ಶಾಲೆಯಲ್ಲಿ ಫೀಸು ಕೇಳೋಕಾಗಲ್ಲ, ಇದರಿಂದ ಬಂದದ್ದರಲ್ಲಿ ಅದನ್ನು ಸಾಕುತ್ತಿದ್ದೇವೆ ಅಂತಾರೆ. ನಿಜವೇ ಇರಬಹುದು. ಲೆಕ್ಕ ಊರಿನ ಮುಂದೆ ಇಲ್ಲದಿರುವವರೆಗೆ ಅದು ನಿಜವೋ ಸುಳ್ಳೋ ಹೇಳೋದು ಹೇಗೆ?

ಇನ್ನೊಂದು ಹುದ್ದೆಯ ವಿಷಯ. ಮೇಷ್ಟ್ರು ರಿಟೈರ್ ಆದರೆ ಆ ಜಾಗ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ವರ್ಷಗಟ್ಟಲೆ ಒಪ್ಪಿಗೆ ಇರಲ್ಲ. ಆಮೇಲೆ 2015ರ ಕೊನೆಯವರೆಗೆ ಖಾಲಿಯಾದವನ್ನು ತುಂಬಬಹುದು ಅನ್ನುವಂಥ ಆದೇಶ ಬರುತ್ತೆ, ನಡುವಿನ ವರ್ಷಗಳಲ್ಲಿ ಸಂಸ್ಥೆ ತನ್ನ ಕೈಯಿಂದ ಅಷ್ಟೋ ಇಷ್ಟೋ ಕೊಟ್ಟು ಯಾರನ್ನೋ ಇಟ್ಟುಕೊಂಡಿರುತ್ತೆ. ತುಂಬುವ ಅವಕಾಶ ಅಪರೂಪಕ್ಕೆ ಬರೋದರಿಂದ ಆ ಒಂದು ಹುದ್ದೆಗೆ ಬೆಲೆ ಕಟ್ಟುವವರಿದ್ದಾರೆ ಅನ್ನೋದು ಬಿಎಡ್ ಮಾಡಿದ ಯಾರನ್ನು ಕೇಳಿದರೂ ಗೊತ್ತಾಗುವ ಸಂಗತಿ. ಜೀವನವಿಡೀ ಸರ್ಕಾರ ಕೊಡುವ ಸಂಬಳದ ಹುದ್ದೆಗೆ ಆಯ್ಕೆ ಮಾಡುವ ಅಧಿಕಾರ ಖಾಸಗಿ ಮಂಡಳಿಯ ಕೈಯಲ್ಲಿರುವಾಗ ಇದು ಆಗದಿದ್ದರೆ ಆಶ್ಚರ್ಯ. ಇಲಾಖೆಯ ಅನುಮೋದನೆ, ಮೀಸಲಾತಿಯ ರೋಸ್ಟರ್ ಎಲ್ಲ ಇದೆ. ಆದರೆ ಅವು ಕಾಗದ ನೋಡುತ್ತವೆ, ಕವರು ನೋಡಲ್ಲ.

ಪೋಷಕರು ನೋಡಬಹುದಿತ್ತಲ್ಲ? ಇಲ್ಲಿದೆ ನನ್ನ ಮುಖ್ಯ ತಕರಾರು. ಸರ್ಕಾರಿ ಶಾಲೆಗಳಿಗೆ ಕರ್ನಾಟಕ 2001ರಲ್ಲೇ ಎಸ್‌ಡಿಎಂಸಿ ತಂದಿತು. ಆರ್‌ಟಿಇ ಕಾಯ್ದೆ ಅನುದಾನಿತ ಶಾಲೆಗೂ ಸಮಿತಿ ಬೇಕು ಅಂದಿತು, ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು. ಬಂದ ಅನುದಾನ ಹೇಗೆ ಖರ್ಚಾಗುತ್ತೆ ಅಂತ ನೋಡೋದು ಆ ಸಮಿತಿಯ ಕೆಲಸಗಳಲ್ಲಿ ಒಂದು. ಎರಡೇ ವರ್ಷ. 2012ರ ತಿದ್ದುಪಡಿ ಬಂದು, ಅಲ್ಪಸಂಖ್ಯಾತ ಸಂಸ್ಥೆಗಳ ಜೊತೆಗೆ ಉಳಿದೆಲ್ಲ ಅನುದಾನಿತ ಶಾಲೆಗಳಲ್ಲೂ ಈ ಸಮಿತಿ ಬರೀ ಸಲಹೆ ಕೊಡಬಹುದು ಅಂತ ಮಾಡಿತು. ಅಲ್ಪಸಂಖ್ಯಾತರಿಗೆ ಸಂವಿಧಾನದ 30ನೇ ವಿಧಿಯ ರಕ್ಷಣೆ ಇದೆ, ಅದು ಅರ್ಥವಾಗುತ್ತೆ. ಉಳಿದವರಿಗೆ ಯಾಕೆ ಅನ್ನೋದು ನನಗೆ ಒಪ್ಪಿಗೆಯಾಗಿಲ್ಲ. ಮೂರು ಕಡೆಯವರು ಸೇರಿ ನಡೆಸುವ ಶಾಲೆಯಲ್ಲಿ ನಾಲ್ಕನೆಯವರಾಗಿ ಮಗುವಿನ ಅಮ್ಮ ಬಂದು ಕೂತಿದ್ದಳು. ಅವಳಿಗೆ ಚಹಾ ಕೊಟ್ಟು, ಲೆಕ್ಕದ ಪುಸ್ತಕ ವಾಪಸ್ ಇಸ್ಕೊಂಡ ಹಾಗಾಯಿತು.

ಅದಾಗಿ ಏಳು ವರ್ಷಕ್ಕೆ, 2019ರಲ್ಲಿ, ಇನ್ನೊಂದು ತಿರುವು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆರ್‌ಟಿಇ ಸೀಟು ಇಲ್ಲ ಅಂತ ರಾಜ್ಯ ನಿಯಮ ಬದಲಿಸಿತು. ನಮ್ಮ ಅನುದಾನಿತ ಶಾಲೆ ಇದೆಯಲ್ಲ, ಅಲ್ಲಿಗೆ ಹೋಗಿ ಅಂತ ಬಡ ಪೋಷಕರಿಗೆ ಹೇಳಿದ ಹಾಗೆ. ಹೇಳಿದ ಮೇಲೆ ಆ ಶಾಲೆ ಸರಿಯಾಗಿರೋದು ಸರ್ಕಾರದ ಜವಾಬ್ದಾರಿ ತಾನೇ?

ಹೊರಗಿನವರು ಇದನ್ನು ಹೇಗೆ ಸಂಭಾಳಿಸುತ್ತಾರೆ ಅಂತ ನೋಡಿದರೆ ಇಂಗ್ಲೆಂಡಿನ ‘ಅಕಾಡೆಮಿ’ಗಳು ಹತ್ತಿರದ ಹೋಲಿಕೆ. 2010ರ ಕಾಯ್ದೆಯ ನಂತರ ಸಾವಿರಾರು ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಬಿಟ್ಟು, ಸರ್ಕಾರದಿಂದ ನೇರ ದುಡ್ಡು ಪಡೆಯುವ ಸ್ವತಂತ್ರ ಟ್ರಸ್ಟುಗಳ ಕೈಗೆ ಹೋದವು. ಅಲ್ಲೂ ಸಂಬಂಧಿಕರ ಕಂಪನಿಗೆ ಗುತ್ತಿಗೆ ಕೊಟ್ಟ ಹಗರಣಗಳಾದವು. ಆದರೆ ಅಲ್ಲೊಂದು ಕೈಪಿಡಿ ಇದೆ, ವರ್ಷ ವರ್ಷ ಪರಿಷ್ಕರಣೆಯಾಗುತ್ತೆ. ಪ್ರತಿ ಟ್ರಸ್ಟಿಗೆ ಖರ್ಚಿನ ಬಗ್ಗೆ ವೈಯಕ್ತಿಕವಾಗಿ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ. ಆಡಿಟ್ ಆದ ಲೆಕ್ಕ ಟ್ರಸ್ಟಿನ ವೆಬ್‌ಸೈಟಿನಲ್ಲಿ. ಟ್ರಸ್ಟಿಯ ಭಾವಮೈದುನನ ಅಂಗಡಿಯಿಂದ ಬೆಂಚು ಕೊಂಡರೂ ಮೊದಲೇ ತಿಳಿಸಬೇಕು ಅನ್ನುವ ನಿಯಮ 2019ರಿಂದ. ನಿಮ್ಮ ಆಫೀಸಿನಲ್ಲಿ ರಿಲೇಟೆಡ್ ಪಾರ್ಟಿ ಅಂತ ಫಾರ್ಮ್ ತುಂಬುತ್ತೀರಲ್ಲ, ಅದೇ. ನಮ್ಮ ಶಿಕ್ಷಣ ಕಾಯ್ದೆಯಲ್ಲಿ ಆಡಿಟ್ ಮಾಡಿಸು ಅಂತ ಇದೆ. ಆಡಿಟ್ ಆದದ್ದನ್ನು ಊರಿಗೆ ತೋರಿಸು ಅನ್ನೋದು ನಮ್ಮ ರೂಢಿಗೆ ಬಂದಿಲ್ಲ.

ಹಾಗಂತ ತೋರಿಸಿಕೊಳ್ಳಲು ದಾರಿ ಇಲ್ಲ ಅಂತಲ್ಲ. ಸೊಸೈಟಿಗಳು ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕಗಳನ್ನು ಪ್ರತಿ ವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು, ಅದು ಸಹಕಾರ ಇಲಾಖೆಯ ಕಚೇರಿ. ವ್ಯವಹಾರ ಸರಿ ಇಲ್ಲ ಅಂತ ಕಂಡರೆ 25ನೇ ಕಲಂ ಅಡಿಯಲ್ಲಿ ವಿಚಾರಣೆ ನಡೆಸುವ ಅಧಿಕಾರ ಅವರಿಗಿದೆ. ಅದಕ್ಕಿಂತ ನೇರವಾದದ್ದು ಇನ್ನೊಂದು. 2019ರ ಸೆಪ್ಟೆಂಬರಿನಲ್ಲಿ ಡಿಎವಿ ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರದಿಂದ ಗಣನೀಯ ಪ್ರಮಾಣದಲ್ಲಿ ಹಣ ಪಡೆಯುವ ಖಾಸಗಿ ಶಿಕ್ಷಣ ಸಂಸ್ಥೆಗಳೂ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ ಅಂತ ಹೇಳಿದೆ. ಅಂದರೆ ನೀವು ಓದಿದ ಅನುದಾನಿತ ಹೈಸ್ಕೂಲಿಗೇ ಅರ್ಜಿ ಹಾಕಬಹುದು. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ವರ್ಷದಿಂದ. ಹೋದ ವರ್ಷದ ಆಡಿಟ್ ವರದಿಯ ನಕಲು. ಶಾಲೆಯ ಜಾಗ ಯಾರ ಹೆಸರಿನಲ್ಲಿದೆ. ಇವನ್ನು ಮೂರು ಬೇರೆ ಬೇರೆ ಅರ್ಜಿಯಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ.